4,000 ಗೀರುಗಳು, 4,000 ಹೆಸರುಗಳಲ್ಲ: ಒಂದು ಸ್ಪಷ್ಟನೆ

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿರುವ ಗುಲಾಮ ಕಾರ್ಮಿಕರ ಸ್ಮಾರಕದಲ್ಲಿ 4,000 ಜನರ ಹೆಸರು ಕೆತ್ತಿದ್ದಾರೆ, ಹೊರಗೋಡೆಯ ಮೇಲಿದ್ದ ಕಣ್ಣುಗಳು ಅಳಿಸಿಹೋಗಿವೆ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

2020ರಲ್ಲಿ ಕಟ್ಟಿ ಮುಗಿಸಿದ, 80 ಅಡಿ ವ್ಯಾಸದ ಈ ಗ್ರಾನೈಟ್ ವೃತ್ತದ ಒಳಗೋಡೆಯಲ್ಲಿ ಇರುವುದು ಸುಮಾರು 4,000 ಗೀರುಗಳು. ಅಲ್ಲಿ ದುಡಿದವರೆಂದು ಅಂದಾಜಿಸಿದ ಒಬ್ಬೊಬ್ಬರಿಗೂ ಒಂದೊಂದು. ಆಗ ಹೆಸರು ಸಿಕ್ಕಿದ್ದು 578 ಮಂದಿಯದು ಮಾತ್ರ, ಅದರಲ್ಲೂ ಬಹಳಷ್ಟು ಬರೀ ಮೊದಲ ಹೆಸರು. ಮತ್ತೆ 311 ಮಂದಿಯ ಕಸುಬೋ ನಂಟೋ ಗೊತ್ತಾಗಿದೆ, ಹೆಸರಿಲ್ಲ. ಉಳಿದವರ ಗೀರಿನ ಮೇಲೆ ಕಲ್ಲು ಖಾಲಿ. ಅದು ಅರ್ಧಕ್ಕೆ ಬಿಟ್ಟ ಕೆಲಸವಲ್ಲ. ಮನುಷ್ಯರನ್ನು ಆಸ್ತಿಯೆಂದು ಲೆಕ್ಕ ಬರೆದವರು ಹೆಸರು ಬರೆಯಲಿಲ್ಲ. ಆ ನಷ್ಟ ಕಣ್ಣಿಗೆ ಕಾಣಲೇಬೇಕು. ಎಲ್ಲ ಹೆಸರೂ ಇವೆ ಎಂದರೆ ಸ್ಮಾರಕದ ಮಾತನ್ನೇ ಅಳಿಸಿದಂತೆ. ಹೊಸ ಹೆಸರು ಸಿಕ್ಕರೆ ಕೆತ್ತಲು ಜಾಗವಂತೂ ಇದೆ.

ಕಣ್ಣುಗಳು ಇಸಬೆಲ್ಲಾ ಗಿಬ್ಬನ್ಸ್ ಅವರವು. ಅಲ್ಲೇ ಗುಲಾಮಳಾಗಿದ್ದು, ಬಿಡುಗಡೆಯ ನಂತರ ಶಿಕ್ಷಕಿಯಾದವರು. ಒರಟು ಕಲ್ಲಿನಲ್ಲಿ ತೆಳುವಾಗಿ ಕೆತ್ತಿರುವುದರಿಂದ ಅವು ಕಾಣುವುದು ನೆರಳಿನಿಂದಲೇ. ನಡು ಮಧ್ಯಾಹ್ನ ತೆಗೆದ ಫೋಟೊದಲ್ಲಿ ಬರೀ ಗೋಡೆ ಕಂಡರೆ ಅಚ್ಚರಿಯಿಲ್ಲ. ಬೆಳಕು ಓರೆಯಾಗಿ ಬೀಳುವಾಗ, ಸ್ವಲ್ಪ ದೂರ ನಿಂತು ನೋಡಬೇಕು.