ಕೀಲಿ ಕಾಯುವ ಲೈಫ್‌ಗಾರ್ಡ್

ಕಡಲತೀರದಲ್ಲಿ ಲೈಫ್‌ಗಾರ್ಡ್ ಠಾಣೆ ಮತ್ತು ಸಾರ್ವಜನಿಕ ಶೌಚಾಲಯ, ಎರಡೂ ಒಂದೇ ಸೂರಿನಡಿ. ನಕ್ಷೆ ಮಾಡಲು ಸಮಿತಿ ಕೂತಿತು. ಸಮಿತಿಯಲ್ಲಿ ಎಲ್ಲರೂ ಇದ್ದರು, ಈಜು ಬರುವವರನ್ನು ಬಿಟ್ಟು.

ಮೊದಲ ಮೂರು ಸಭೆಗಳನ್ನು ಚಾವಣಿಯೇ ನುಂಗಿತು. ಅಲೆಯ ಆಕಾರ ಇರಲಿ ಎಂದರು ಒಬ್ಬರು. ಶಂಖ ಇರಲಿ ಎಂದರು ಇನ್ನೊಬ್ಬರು. ಶಂಖದ ಮೇಲೆ ಅಲೆ ಅಂತ ರಾಜಿಯಾಯಿತು. ಡ್ರೋನ್ ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದಂತೆ.

ಆಮೇಲೆ ಕಿಟಕಿ. ಸಮುದ್ರದ ಕಡೆಗೆ ಇರುವುದು ಒಂದೇ ಗೋಡೆ. ನೋಟ ಸೊಗಸಾಗಿದೆ ಅಂತ ಅದನ್ನು ಗಣ್ಯರ ವಿಶ್ರಾಂತಿ ಕೋಣೆಗೆ ಕೊಟ್ಟರು. ಮಿಕ್ಕ ಜಾಗಕ್ಕೆ ಶೌಚಾಲಯದ ಗಾಳಿಕಿಂಡಿ ಬಂತು. ಲೈಫ್‌ಗಾರ್ಡ್‌ಗೆ ಪಾರ್ಕಿಂಗ್ ಕಡೆಯ ಕಿಟಕಿ. "ದಿನಾ ಸಮುದ್ರ ನೋಡಿ ನೋಡಿ ಅವನಿಗೂ ಬೇಜಾರಾಗಿರುತ್ತೆ, ಅಲ್ವಾ?" ಎಂದರು ಅಧ್ಯಕ್ಷರು. ಎಷ್ಟು ಕಾಳಜಿ ನೋಡಿ.

ಐದನೇ ಸಭೆಗೆ ಒಬ್ಬ ಲೈಫ್‌ಗಾರ್ಡ್‌ನನ್ನು ಕರೆಸಿದರು, ಫೋಟೋಗೆ. ಸುಮ್ನೆ ನಿಂತಿದ್ದರೆ ಆಗುತ್ತಿತ್ತು. ಬಾಯಿ ಬಿಟ್ಟ.

"ಸಾರ್, ಮುಳುಗುವವರು ಕೂಗೋದಿಲ್ಲ. ಉಸಿರಾಡೋಕೇ ಬಾಯಿ ಸಾಲದು, ಇನ್ನು ಕೂಗೋದೆಲ್ಲಿ? ಕೈ ಬೀಸೋಕೂ ಆಗಲ್ಲ. ತಲೆ ಮೇಲಿಡೋಕೆ ಎರಡೂ ಕೈ ನೀರು ಒತ್ತುತ್ತಾ ಇರುತ್ತೆ. 20ರಿಂದ 60 ಸೆಕೆಂಡು ಹಾಗೆ ಒದ್ದಾಡಿ ಒಳಗೆ ಹೋಗ್ತಾರೆ. ನಮ್ಮ ಕಣ್ಣು ನೀರಿನ ಮೇಲೇ ಇರಬೇಕು."

ಅಷ್ಟಕ್ಕೇ ನಿಲ್ಲಿಸಲಿಲ್ಲ. ತನ್ನನ್ನು ಎತ್ತರದಲ್ಲಿ ಕೂರಿಸಬೇಕಂತೆ. ಮೇಲಿಂದ ನೋಡಿದರೆ ರಿಪ್ ಕರೆಂಟ್, ಅಂದರೆ ದಡದಿಂದ ದೂರಕ್ಕೆ ಎಳೆಯುವ ಸೆಳೆತ, ಗೊತ್ತಾಗುತ್ತದಂತೆ. ಎರಡು ಕಡೆ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿರುತ್ತದೆ. ಇಲ್ಲೇ ಅಲೆ ಇಲ್ಲ ಅಂತ ಜನ ಅಲ್ಲೇ ಇಳಿಯುತ್ತಾರೆ. ಜೋರಾದ ಸೆಳೆತದ ವೇಗ ಸೆಕೆಂಡಿಗೆ 2 ಮೀಟರ್ ದಾಟುವುದೂ ಉಂಟು. ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರು ಈಜಿ ದಡ ಸೇರಲಾರರು.

ಸಭೆ ಗಂಭೀರವಾಯಿತು. ಬಹಳ ಚರ್ಚೆಯ ನಂತರ ಒಂದು ಫಲಕ ಹಾಕಲು ಒಪ್ಪಿದರು: "ಮುಳುಗುವವರು ಕಡ್ಡಾಯವಾಗಿ ಕೂಗಿ ತಿಳಿಸತಕ್ಕದ್ದು."

ಶೌಚಾಲಯದ ಕಡೆ ಕೆಲಸ ಬೇಗ ಮುಗಿಯಿತು. ಒದ್ದೆ ಕಾಲಲ್ಲಿ ಬರುವವರಿಗೆಂದೇ ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ನೆಲ. ಕಾಲು ತೊಳೆಯಲು ಹೊರಗೆ ನಲ್ಲಿ ಇಲ್ಲ, ಹಾಗಾಗಿ ಮರಳೆಲ್ಲ ಒಳಗಿನ ಪೈಪಿಗೆ. ಗಾಲಿಕುರ್ಚಿಗೆ ಇಳಿಜಾರು ಇದೆ. 12 ಅಡಿಗೆ 1 ಅಡಿ ಏರು, ಅಚ್ಚುಕಟ್ಟು. ಆದರೆ ಅದು ಶುರುವಾಗುವುದು ಮೊಣಕಾಲುದ್ದದ ಮರಳಿನ ನಡುವೆ. ಉಪ್ಪುಗಾಳಿ ತಡೆಯುವ ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ದುಬಾರಿ ಅಂತ ಮಾಮೂಲಿ ಕಬ್ಬಿಣಕ್ಕೇ ಚಿನ್ನದ ಬಣ್ಣ ಬಳಿದರು. ಶಂಖ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು.

ಇನ್ನು ಕೀಲಿ. ಶೌಚಾಲಯ ನೋಡಿಕೊಳ್ಳಲು ಬೇರೆ ಆಳು ಯಾಕೆ, ಲೈಫ್‌ಗಾರ್ಡ್ ಖಾಲಿ ಕೂತಿರುತ್ತಾನಲ್ಲ ಅಂದರು. ಕೀಲಿಗೊಂಚಲು ಅವನ ಸೊಂಟಕ್ಕೆ ಬಂತು.

ಈಗ ಅವನೊಂದು ಪ್ಲಾಸ್ಟಿಕ್ ಕುರ್ಚಿಯನ್ನು ಮರಳಿನ ಮೇಲೆ ಹಾಕಿಕೊಂಡಿದ್ದಾನೆ. ಅದರ ಮೇಲೆ ಹತ್ತಿ ನಿಂತು ನೀರು ನೋಡುತ್ತಾನೆ. ಕುರ್ಚಿ ನಕ್ಷೆಯಲ್ಲಿಲ್ಲ, ಕಟ್ಟಡದ ಅಂದ ಕೆಡುತ್ತದೆ ಅಂತ ಎರಡು ಸಲ ನೋಟಿಸ್ ಬಂದಿದೆ.

ಮೊನ್ನೆ ಸಂಜೆ ಒಬ್ಬರು ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗುತ್ತಾ ಓಡಿ ಬಂದರು. ಲೈಫ್‌ಗಾರ್ಡ್ ತಿರುಗಿಯೂ ನೋಡಲಿಲ್ಲ. ಕಣ್ಣು ನೀರಿನ ಮೇಲೇ ಇಟ್ಟು, ಸೊಂಟದಿಂದ ಕೀಲಿ ಬಿಚ್ಚಿ ಹಿಂದಕ್ಕೆ ಎಸೆದ.