ಬಾವಿಗೊಂದು ಫೋನ್ ನಂಬರ್

ಸಾಗರದ ಹತ್ತಿರ ನಮ್ಮ ಮಾವನ ಅಡಿಕೆ ತೋಟ ಇದೆ. ಮನೆ ಗುಡ್ಡದ ಮೇಲೆ, ಬಾವಿ ತೋಟದ ತಳದಲ್ಲಿ. ಬಾವಿಯಲ್ಲಿ ನೀರೆಷ್ಟಿದೆ, ಪಂಪಿಗೆ ತ್ರೀ ಫೇಸ್ ಕರೆಂಟ್ ಬಂತೋ ಇಲ್ಲವೋ, ಇವೆರಡನ್ನು ತಿಳಿಯೋಕೆ ಮಾವ ಬೇಸಿಗೆಯಿಡೀ ಇಳಿದು ಹತ್ತಿ, ಹತ್ತಿ ಇಳಿದು ಮಾಡುತ್ತಾರೆ. ಮಂಡಿನೋವು ಬೇರೆ. ಅಳಿಯ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳುತ್ತಾ ಇಷ್ಟಕ್ಕೂ ಒಂದು ದಾರಿ ಮಾಡದಿದ್ದರೆ ಹ್ಯಾಗೆ ಅಂತ, ಒಂದು ರಾಸ್ಪ್‌ಬೆರಿ ಪೈ ಬೋರ್ಡು (ಲಿನಕ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ ಓಡುವ ಪುಟ್ಟ ಕಂಪ್ಯೂಟರ್), ನೀರಿನ ಮಟ್ಟ ಅಳೆಯುವ ಸೆನ್ಸರು, ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ 4ಜಿ ಮೋಡೆಮ್ ಎಲ್ಲ ಕಟ್ಟಿಕೊಂಡು ಊರಿಗೆ ಹೋದೆ.

ಮಾವ ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡಿದರು. "ಪಕ್ಕದ ತೋಟದವರು ಮೊಬೈಲ್ ಸ್ಟಾರ್ಟರ್ ಹಾಕಿಸಿದಾರೆ. ಫೋನ್ ಮಾಡಿದ್ರೆ ಅದೇ ಎತ್ತಿ, ಮೋಟರ್ ಆನ್ ಆಗಿದೆ ಅನ್ನುತ್ತೆ. ಇದೂ ಹಂಗೇ ಮಾತಾಡುತ್ತಾ?"

"ಇಲ್ಲ ಮಾವ. ಇದು ಲಿನಕ್ಸ್. ಇದರಲ್ಲಿ ಗ್ರಾಫ್ ಬರುತ್ತೆ."

"ಓ, ಗ್ರಾಫು" ಅಂದು ಎಲೆಅಡಿಕೆಯ ಕವಳದ ತಟ್ಟೆ ಎಳೆದುಕೊಂಡರು. ಮಲೆನಾಡಿನಲ್ಲಿ ಹಿರಿಯರು ಕವಳದ ತಟ್ಟೆ ಎಳೆದುಕೊಂಡರೆ ಆ ವಿಷಯ ಅಲ್ಲಿಗೆ ಮುಗಿಯಿತು ಅಂತ ಲೆಕ್ಕ.

ಮೋಡೆಮ್ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಡಬ್ಬದ ಮೇಲೆ ಏನೇ ಬರೆದಿರಲಿ, ಅದು ಸ್ಕ್ರೀನು, ಸ್ಪೀಕರು ಕಿತ್ತುಹಾಕಿದ ಒಂದು ಫೋನ್. ಬೋರ್ಡಿಗೆ ಇಂಟರ್ನೆಟ್ ಕೊಡೋಣ ಅಂತ ನಾವು ಅದನ್ನು ತರುತ್ತೇವೆ. ಆದರೆ ಫೋನಿಗಿರುವ ರೀಚಾರ್ಜು, ವ್ಯಾಲಿಡಿಟಿ, ಜಾಹೀರಾತು, ಬೇಡದ ಕರೆ, ಈ ಇಡೀ ಸಂಸಾರ ಅದರ ಹಿಂದೆಯೇ ಒಳಗೆ ಬರುತ್ತದೆ.

ಶುರುವಾಗಿದ್ದು ಸಿಮ್ ಅಂಗಡಿಯಿಂದಲೇ. ಯಂತ್ರಗಳಿಗೆಂದೇ 13 ಅಂಕಿಯ ನಂಬರ್ 2018ರಿಂದ ನಮ್ಮ ದೇಶದಲ್ಲಿದೆ, ಆದರೆ ಅದೆಲ್ಲ ಸಾವಿರಗಟ್ಟಲೆ ಸಿಮ್ ತಗೊಳ್ಳುವ ಕಂಪನಿಗಳ ವ್ಯವಹಾರ. ಒಂದು ಬಾವಿಗೆ ಒಂದು ಸಿಮ್ ಬೇಕು ಅಂದರೆ ಎಲ್ಲರ ಹಾಗೆ ಆಧಾರ್ ಕೊಟ್ಟು, ಅಂಗಡಿ ಹುಡುಗನ ಮೊಬೈಲ್ ಮುಂದೆ ಮುಖ ಒಡ್ಡಿ, ಅವನು "ಕಣ್ಣು ಮಿಟುಕಿಸಿ ಸಾರ್" ಅಂದಾಗ ಮಿಟುಕಿಸಬೇಕು. "ಹ್ಯಾಂಡ್‌ಸೆಟ್ ಯಾವುದು ಸಾರ್?" ಅಂದ. "ಹ್ಯಾಂಡ್‌ಸೆಟ್ ಇಲ್ಲ, ಬಾವಿ" ಅಂದೆ. ಮತ್ತೆ ಅವನು ಏನೂ ಕೇಳಲಿಲ್ಲ. ಸಿಮ್ ಕವರನ್ನು ನನಗೆ ಕೊಡುವ ಬದಲು ಜೊತೆಗಿದ್ದ ಮಾವನ ಕೈಗೆ ಕೊಟ್ಟ. ಈ ಕವರು ಮುಂದೆ ಬರುತ್ತದೆ.

ಸಿಮ್ ಹಾಕಿ ಬೋರ್ಡಿಗೆ ಕನೆಕ್ಟ್ ಮಾಡಿದರೆ, ಇರೋದು ಒಂದೇ ಮೋಡೆಮ್ ಆದರೂ ಲಿನಕ್ಸ್ ನಾಲ್ಕು ಪೋರ್ಟ್, ಅಂದರೆ ಅದನ್ನು ಮಾತಾಡಿಸುವ ನಾಲ್ಕು ಬಾಗಿಲು, ತೋರಿಸುತ್ತದೆ. ಹೆಸರು ಟಿಟಿವೈ ಯುಎಸ್‌ಬಿ, ನಂಬರ್ ಸೊನ್ನೆಯಿಂದ ಮೂರರವರೆಗೆ. ಒಂದು ಕಂಪನಿಯವರ ರಿಪೇರಿಗೆ, ಒಂದು ಜಿಪಿಎಸ್‌ಗೆ, ಒಂದು ನಾವು ಆಜ್ಞೆ ಕೊಡೋಕೆ, ಒಂದು ಹಳೇ ಡಯಲಪ್ಪಿಗೆ. ನನ್ನ ಮೋಡೆಮ್‌ನಲ್ಲಿ ಆಜ್ಞೆಯ ಪೋರ್ಟು ಎರಡನೇ ನಂಬರಿನದು. ಅಲ್ಲಿ ಎಟಿ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಓಕೆ ಅನ್ನಬೇಕು. ಈ ಎಟಿ ಆಜ್ಞೆಗಳು 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಬಂದವು. ಸೆಕೆಂಡಿಗೆ 300 ಬಿಟ್ ಹೋದರೆ ಅದೇ ಜೋರು ಅನ್ನುತ್ತಿದ್ದ ಕಾಲ. ಇವತ್ತಿನ 4ಜಿ ಮೋಡೆಮ್‌ಗೂ ಅದೇ ಭಾಷೆಯಲ್ಲಿ ಹೇಳಬೇಕು, ಇಲ್ಲದಿದ್ದರೆ ಕೇಳಲ್ಲ.

ಹೇಳಿದರೂ ಉತ್ತರ ಪೂರ್ತಿ ನಮಗೇ ಬರುತ್ತೆ ಅಂತಿಲ್ಲ. ಲಿನಕ್ಸಿನಲ್ಲಿ ಮೋಡೆಮ್ ಮ್ಯಾನೇಜರ್ ಅಂತ ಒಂದು ಪ್ರೋಗ್ರಾಂ ಇರುತ್ತದೆ. ಯಾವುದೇ ಹೊಸ ಪೋರ್ಟ್ ಕಾಣಿಸಿದರೂ ಸುಮ್ನೆ ಹೋಗಿ ನೀನು ಮೋಡೆಮ್ಮಾ, ನೀನು ಮೋಡೆಮ್ಮಾ ಅಂತ ವಿಚಾರಿಸೋದು ಅದರ ಸ್ವಭಾವ. ಅದೂ ನಾನೂ ಒಂದೇ ಪೋರ್ಟಿಗೆ ಕಿವಿಕೊಟ್ಟು ಕೂತರೆ, ಓಕೆಯ ಓ ನನಗೆ ಬಂದರೆ ಕೆ ಅದಕ್ಕೆ ಹೋಗುತ್ತದೆ. ಅದನ್ನು ನಿಲ್ಲಿಸಿ ಕೆಲಸ ಮುಂದುವರಿಸಿದೆ. ಎಪಿಎನ್ (ಮೊಬೈಲ್ ಕಂಪನಿಯ ಇಂಟರ್ನೆಟ್ ದಾರಿ) ಹೆಸರು ಹಾಕಿದ್ದು, ಇಂಟರ್ನೆಟ್ಟಿನ ವಿಳಾಸವಾದ ಐಪಿ ಅಡ್ರೆಸ್ ಬಂದಿದ್ದು, ಇವೆಲ್ಲ ಬೇಗ ಆಯಿತು, ಹೇಳುವಂಥದ್ದೇನಿಲ್ಲ.

ಸಿಗ್ನಲ್ ಮಾತ್ರ ಹೇಳುವಂಥದ್ದು. ಎಟಿ ಪ್ಲಸ್ ಸಿಎಸ್‌ಕ್ಯೂ ಅಂತ ಕೇಳಿದರೆ ಮೋಡೆಮ್ ಸೊನ್ನೆಯಿಂದ 31ರೊಳಗೆ ಒಂದು ಅಂಕಿ ಕೊಡುತ್ತದೆ. ಬಾವಿಕಟ್ಟೆ ಮೇಲೆ 6 ಬಂತು.

"ಎಷ್ಟಕ್ಕೆ?" ಮಾವ ಕೇಳಿದರು.

"31ಕ್ಕೆ."

"ಹಾಗಾದ್ರೆ ಫೇಲು." ಮಾವ ಮೇಷ್ಟರಾಗಿ ನಿವೃತ್ತಿ ಆದವರು.

ಅಲ್ಲೇ ಪಕ್ಕದ ಪಂಪ್‌ಹೌಸಿಗೆ ತಗಡಿನ ಮಾಡು. ಮಳೆಗಾಲಕ್ಕೆ ಬೋರ್ಡು ಒಳಗಿದ್ದರೆ ಒಳ್ಳೇದು ಅಂತ ಅಲ್ಲಿಟ್ಟು ಕೇಳಿದೆ. 99 ಅಂತು. ಮಾವನ ಮುಖ ಅರಳಿತು. "ನೋಡಿ, ಜಾಗ ಬದಲಾಯಿಸಿದ್ದೇ ಪಾಸಾಯ್ತು!" 99 ಅಂದರೆ ಸಿಗ್ನಲ್ ಇದೆಯೋ ಇಲ್ಲವೋ ಅಂತಲೇ ಮೋಡೆಮ್‌ಗೆ ತಿಳಿದಿಲ್ಲ ಅಂತ ಅರ್ಥ. ಇದನ್ನು ನಿವೃತ್ತ ಮೇಷ್ಟರಿಗೆ ಒಪ್ಪಿಸೋದು ಸುಲಭ ಅಲ್ಲ. 31ರ ಪರೀಕ್ಷೆಗೆ 99 ಕೊಡುವ ಮೋಡೆಮ್ ಯಾವುದೋ ಕಂಪನಿಯ ಬೇಜವಾಬ್ದಾರಿ ಅಂತ ಅವರು ಈಗಲೂ ನಂಬಿದ್ದಾರೆ. ಕೊನೆಗೆ ಆಂಟೆನಾವನ್ನು ಉದ್ದದ ವೈರಿನಲ್ಲಿ ಮಾಡಿನ ಮೇಲೆ, ಬಿದಿರು ಗಳದ ತುದಿಗೆ ಕಟ್ಟಿದೆವು. 11 ಬಂತು. ಜಸ್ಟ್ ಪಾಸ್ ಅಂತ ಮಾವ ಬಿಟ್ಟುಕೊಟ್ಟರು.

ಬೆಂಗಳೂರಿಗೆ ಬಂದು ಬಾವಿಗೆ ಲಾಗಿನ್ ಆಗೋಣ ಅಂತ ಕೂತರೆ ಇನ್ನೊಂದು ಕಥೆ. ಮೊಬೈಲ್ ಕಂಪನಿಗಳು ಸಿಮ್‌ಗೆ ಕೊಡುವ ಐಪಿ ಅಡ್ರೆಸ್ ಸಾಮಾನ್ಯವಾಗಿ ಅವರ ಒಳಗಿನದು, 100ರಿಂದಲೋ 10ರಿಂದಲೋ ಶುರುವಾಗುವಂಥದ್ದು. ಒಂದೇ ಹೊರಗಿನ ಅಡ್ರೆಸ್ಸಿನ ಹಿಂದೆ ಎಷ್ಟೋ ಜನ ಗ್ರಾಹಕರು ಇರುತ್ತಾರೆ. ಒಳಗಿಂದ ಹೊರಗೆ ಹೋಗಬಹುದು, ಹೊರಗಿಂದ ಒಳಗೆ ಬರೋಕಾಗಲ್ಲ. ಅದಕ್ಕೆ ಬೋರ್ಡೇ ಹೊರಗಿರುವ ನನ್ನ ಸರ್ವರಿಗೆ ತಾನಾಗಿ ಬಂದು ಸುರಂಗ ಕೊರೆದು ಕಾಯುವ ಹಾಗೆ ವೈರ್‌ಗಾರ್ಡ್ ಅನ್ನೋ ಪ್ರೋಗ್ರಾಂ ಹಾಕಿಟ್ಟಿದ್ದೆ. ಸುರಂಗದ ಮೂಲಕ ಗ್ರಾಫ್ ಬಂತು. ಚೆಂದದ ಗ್ರಾಫ್. ಹೆಂಡತಿಗೂ ತೋರಿಸಿದೆ. "ಅಪ್ಪನಿಗೆ ಇದು ಕಾಣುತ್ತಾ?" ಅಂದಳು. ಮಾವನ ಹತ್ತಿರ ಇರೋದು ಬಟನ್ ಫೋನು. ಆ ವಿಷಯ ಆಮೇಲೆ ನೋಡೋಣ ಅಂದೆ.

ಸ್ವಲ್ಪ ದಿನ ಕಳೆದ ಮೇಲೆ ಗ್ರಾಫಿನಲ್ಲಿ ತೂತು ಕಾಣೋಕೆ ಶುರುವಾಯಿತು. ಬೆಳಿಗ್ಗೆ ಕಾಫಿ ಹೊತ್ತಿಗೆ ಒಂದು, ಮಧ್ಯಾಹ್ನ ಊಟದ ನಂತರ ಒಂದು, ಸಂಜೆ ಒಂದು. ಮೊದಲು ಪುಟ್ಟ ತೂತು. ಆಮೇಲೆ ದೊಡ್ಡದು. ಆಮೇಲೆ ಒಂದು ಸಲ ನಿಂತರೆ ಇಡೀ ದಿನ ಇಲ್ಲ, ಮಾವನಿಗೆ ಫೋನ್ ಮಾಡಿ "ಸ್ವಿಚ್ ಆಫ್ ಮಾಡಿ ಆನ್ ಮಾಡಿ" ಅನ್ನಬೇಕು. ಅವರು ಅದಕ್ಕಾಗಿ ತೋಟಕ್ಕೆ ಇಳಿಯಬೇಕು. ಇಳಿಯೋದು ತಪ್ಪಲಿ ಅಂತ ಹಾಕಿದ ಬೋರ್ಡು ಅದು.

ಯುಗಾದಿಗೆ ಊರಿಗೆ ಹೋದಾಗ ಪಂಪ್‌ಹೌಸಿನಲ್ಲಿ ಕೂತು ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಒಂದು ಕಿಟಕಿಯಲ್ಲಿ ಮೋಡೆಮ್ ಪೋರ್ಟು, ಇನ್ನೊಂದರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ ಕೊಡುವ ಸಂದೇಶಗಳನ್ನು ತೆರೆದಿಟ್ಟೆ. ಎಲ್ಲ ಸರಿ ಇತ್ತು. ಇದ್ದಕ್ಕಿದ್ದಂತೆ ಖಾಲಿ ಸ್ಕ್ರೀನಿನಲ್ಲಿ ಒಂದು ಪದ ಮೂಡಿತು. ರಿಂಗ್. ಸ್ವಲ್ಪ ಹೊತ್ತಿಗೆ ಇನ್ನೊಂದು ರಿಂಗ್. ಸುರಂಗ ನಿಂತಿತು. ಆ ಕಡೆ ಕಿಟಕಿಯಲ್ಲಿ ವೋಲ್ಟೇಜ್ ಕಡಿಮೆ ಅಂತ ಒಂದು ಸಾಲು, ಅದರ ಬೆನ್ನಿಗೇ ಯುಎಸ್‌ಬಿ ಡಿಸ್‌ಕನೆಕ್ಟ್ ಅಂತ ಸಾಲುಸಾಲು. ಹೊರಗೆ ಬಂದು ನೋಡಿದರೆ ಮಾವ ಬಾಳೆಗಿಡದ ಪಕ್ಕ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದಾರೆ.

"ಯಾರಿಗೆ ಮಾವ ಫೋನು?"

"ಇದಕ್ಕೇ. ದಿನಾ ಮೂರು ಹೊತ್ತು ಮಾಡಿ ನೋಡ್ತೀನಿ, ಸರಿ ಇದೆಯೋ ಇಲ್ವೋ ಅಂತ. ರಿಂಗ್ ಆಗುತ್ತೆ ಮಾರಾಯ್ರೆ, ಎತ್ತಲ್ಲ. ಆಮೇಲೆ ಸ್ವಿಚ್ಡ್ ಆಫ್ ಅನ್ನುತ್ತೆ."

ಸಿಮ್ ಕವರಿನ ಮೇಲಿದ್ದ ನಂಬರನ್ನು "ಬಾವಿ" ಅಂತ ಸೇವ್ ಮಾಡಿಕೊಂಡಿದ್ದರು. ಇಂಟರ್ನೆಟ್ಟಿನಲ್ಲಿ ಪ್ರಪಂಚದ ಯಾರೂ ನೇರ ತಲುಪಲಾರದ, ನಾನೇ ಸುರಂಗ ಕೊರೆದು ತಲುಪುತ್ತಿದ್ದ ಆ ಬೋರ್ಡನ್ನು, ಅವರು ಬಟನ್ ಫೋನಿನಲ್ಲಿ ಹತ್ತು ಅಂಕಿ ಒತ್ತಿ ಆರಾಮಾಗಿ ತಲುಪುತ್ತಿದ್ದರು.

ಆಗುತ್ತಿದ್ದದ್ದು ಇಷ್ಟು. ಈ ಮೋಡೆಮ್‌ಗೂ ಆ ಸಿಮ್‌ಗೂ ವೋಲ್ಟೆ, ಅಂದರೆ 4ಜಿಯಲ್ಲೇ ಕರೆ ಸಾಗಿಸುವ ವ್ಯವಸ್ಥೆ, ಕೂಡಿಬಂದಿರಲಿಲ್ಲ. ಹಾಗಾಗಿ ಕರೆ ಬಂದರೆ ಮೋಡೆಮ್ 4ಜಿ ಬಿಟ್ಟು 2ಜಿಗೆ ಇಳಿಯುತ್ತದೆ. ಇಳಿದರೆ ಡೇಟಾ ನಿಲ್ಲುತ್ತದೆ. ಅಂದರೆ ಬೋರ್ಡು ಸರಿ ಇದೆಯಾ ಅಂತ ಮಾವ ವಿಚಾರಿಸಿದ ಕ್ಷಣವೇ ಅದು ಕೆಡುತ್ತಿತ್ತು. ಅಷ್ಟೇ ಆಗಿದ್ದರೆ ಕರೆ ಮುಗಿದ ಮೇಲೆ ಚೇತರಿಸಿಕೊಳ್ಳುತ್ತಿತ್ತು, ಪುಟ್ಟ ತೂತು ಅದರದ್ದೇ. ಆದರೆ ಟವರ್ ದೂರ ಇದ್ದರೆ 2ಜಿಯಲ್ಲಿ ಮೋಡೆಮ್ ಇರುವ ಶಕ್ತಿಯೆಲ್ಲ ಹಾಕಿ ಕೂಗಬೇಕು. ಕೂಗಿದಾಗೊಮ್ಮೆ ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಅದಕ್ಕೇ ನಾನು 3 ಆಂಪಿಯರ್‌ನ ಒಳ್ಳೆ ಅಡಾಪ್ಟರ್ ಹಾಕಿದ್ದೆ.

ಬಗ್ಗಿ ನೋಡಿದರೆ ಪ್ಲಗ್ಗಿನಲ್ಲಿ ಹಳದಿಗಟ್ಟಿದ ಇನ್ಯಾವುದೋ ಚಾರ್ಜರ್.

ಮೇಲೆ ಹೋಗಿ ಅತ್ತೆಯನ್ನು ಕೇಳಿದೆ. "ಅದಾ? ನನ್ನ ಹೊಸ ಫೋನಿಗೆ ಅದು ಎಷ್ಟು ಚೆನ್ನಾಗಿ ಚಾರ್ಜ್ ಮಾಡುತ್ತೆ ಗೊತ್ತಾ! ಇವರ ಕೈಲಿ ತರಿಸಿಕೊಂಡೆ. ಬದಲಿಗೆ ಹಳೇದು ಕಳಿಸಿದೀನಲ್ಲ, ಪಿನ್ ಒಂದೇ ಅಲ್ವಾ?" ಪಿನ್ ಒಂದೇ. ಅತ್ತೆಯ ಜೊತೆ ಆಂಪಿಯರ್ ಬಗ್ಗೆ ವಾದ ಮಾಡುವ ಅಳಿಯ ಇನ್ನೂ ಹುಟ್ಟಿಲ್ಲ. ಪೇಟೆಗೆ ಹೋಗಿ ಇನ್ನೊಂದು ತಂದೆ.

ದೊಡ್ಡ ತೂತಿಗೆ ಇನ್ನೊಂದು ಕಾರಣವೂ ಇತ್ತು. ಮೋಡೆಮ್ ಸತ್ತು ಮತ್ತೆ ಎದ್ದಾಗ ನನ್ನ ಪ್ರೋಗ್ರಾಂ ಹಳೇ ಎರಡನೇ ಪೋರ್ಟನ್ನು ಹಿಡಿದುಕೊಂಡೇ ಇರುತ್ತಿತ್ತು. ಆ ನಂಬರ್ ಖಾಲಿ ಇಲ್ಲ ಅಂತ ಲಿನಕ್ಸ್ ಹೊಸದಾಗಿ ಸೊನ್ನೆ, ಒಂದು, ಮೂರು, ನಾಲ್ಕು ಅಂತ ಹಂಚುತ್ತಿತ್ತು. ಆಜ್ಞೆಯ ಪೋರ್ಟು ಮೂರಕ್ಕೆ ಹೋಗಿ ಕೂತಿದೆ, ಪ್ರೋಗ್ರಾಂ ಇನ್ನೂ ಎರಡರ ಬಾಗಿಲು ತಟ್ಟುತ್ತಿದೆ. ನಂಬರಿನ ಬದಲು ಮೋಡೆಮ್‌ನ ಗುರುತಿನ ಮೇಲೆ ಕಾಯಂ ಹೆಸರು ಸಿಗುವ ಹಾಗೆ, ಲಿನಕ್ಸಿನಲ್ಲಿ ಸಾಧನಗಳಿಗೆ ಹೆಸರಿಡುವ ಯುಡೆವ್‌ಗೆ ಒಂದು ನಿಯಮ ಬರೆದ ಮೇಲೆ ಆ ಕಾಟ ತಪ್ಪಿತು.

ಅಲ್ಲೇ ಕೂತಾಗ, ಇಷ್ಟು ದಿನ ಇದಕ್ಕೆ ಯಾರ್ಯಾರು ಮೆಸೇಜ್ ಕಳಿಸಿದ್ದಾರೆ ನೋಡೋಣ ಅಂತ ಇನ್‌ಬಾಕ್ಸ್ ತೆಗೆದೆ. ತುಂಬಿ ತುಳುಕುತ್ತಿತ್ತು. ಬಾವಿಗೆ ಪರ್ಸನಲ್ ಲೋನ್ ಮಂಜೂರಾಗಿತ್ತು. ಕಾಲರ್ ಟ್ಯೂನ್ ಹಾಕಿಸಿಕೊಳ್ಳಲು ಆಹ್ವಾನ ಇತ್ತು. ಕನ್ನಡದ ಮೆಸೇಜುಗಳು ಬರೀ ಅಂಕಿ, ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತಿದ್ದವು. ಸೊನ್ನೆ ಸಿ ಎ ಎ, ಸೊನ್ನೆ ಸಿ ಸಿ ಡಿ, ಸೊನ್ನೆ ಸಿ ಬಿ ಸೊನ್ನೆ, ಹೀಗೆ. ಪ್ರತಿ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳೆಲ್ಲ ಸೊನ್ನೆ ಸಿ ಇಂದಲೇ ಶುರು. ಪೆನ್ನು ಹಿಡಿದು ಬಿಡಿಸುತ್ತಾ ಹೋದೆ. ಮೊದಲನೆಯದು ಪ. ಎರಡನೆಯದು ಒತ್ತಿನ ಚಿಹ್ನೆ. ಮೂರನೆಯದು ರ. "ಪ್ರಿಯ ಗ್ರಾಹಕರೇ" ಅಂತ ಹೊರಬಿತ್ತು. ಇನ್ನಷ್ಟು ಬಿಡಿಸಿದರೆ, ವ್ಯಾಲಿಡಿಟಿ ನಾಳೆಗೆ ಮುಗಿಯುತ್ತದೆ ಅಂತ ಇತ್ತು. ಬಿಡಿಸಿದ್ದು ಒಳ್ಳೇದೇ ಆಯಿತು.

ಇಷ್ಟೆಲ್ಲ ಆದ ಮೇಲೆ ಮಾವ ಫೋನ್ ಮಾಡೋದನ್ನು ನಿಲ್ಲಿಸಬೇಕು ಅಂತ ನನಗೆ ಅನ್ನಿಸಲಿಲ್ಲ. ಅವರು ಮಾಡುತ್ತಿದ್ದದ್ದೇ ಸರಿ. ಕರೆ ಬಂದಾಗ ಯಾರ ನಂಬರ್ ಅಂತ ಮೋಡೆಮ್ ಹೇಳುತ್ತದೆ, ಕ್ಲಿಪ್ ಅಂತ ಒಂದು ಆಜ್ಞೆ ಕೊಟ್ಟಿದ್ದರೆ ಸಾಕು. ನಂಬರ್ ಬರೆದುಕೊಂಡು ಫೋನ್ ಕಟ್ ಮಾಡು, ಅದೇ ನಂಬರಿಗೆ ಒಂದು ಎಸ್ಸೆಮ್ಮೆಸ್ ಕಳಿಸು ಅಂತ ಬರೆದೆ. ಕನ್ನಡದಲ್ಲಿ ಕಳಿಸಿದರೆ ಒಂದು ಎಸ್ಸೆಮ್ಮೆಸ್ಸಿಗೆ ಇಂಗ್ಲಿಷಿನ ಹಾಗೆ 160 ಅಲ್ಲ, 70 ಅಕ್ಷರ ಮಾತ್ರ. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ತ್ರೀ ಅನ್ನೋದು ನಮಗೆ ಒಂದಕ್ಷರ, ಮೋಡೆಮ್‌ಗೆ ನಾಲ್ಕು. ಕೂಡಿ ಕಳೆದು ಹೀಗಾಯಿತು: "ನೀರು 14 ಅಡಿ. ತ್ರೀ ಫೇಸ್ ಇದೆ."

ಮಾವ ಜಗುಲಿಯಲ್ಲಿ ಕೂತು ಮಿಸ್ಡ್ ಕಾಲ್ ಕೊಟ್ಟರು. ಫೋನು ಟಿಂಗ್ ಅಂತು. ಓದಿದರು. ಇನ್ನೊಮ್ಮೆ ಕೊಟ್ಟರು. ಮತ್ತೆ ಓದಿದರು. "ಇದು ಸರಿ ಮಾರಾಯ್ರೆ" ಅಂದರು. ನಾಲ್ಕು ಕೋರ್‌ನ ಬೋರ್ಡು, ಲಿನಕ್ಸು, ಸುರಂಗ, ಸರ್ವರು ಎಲ್ಲ ಸೇರಿ ಮಾಡಿದ್ದು ಒಂದು ಮಿಸ್ಡ್ ಕಾಲಿಗೆ ಒಂದು ಎಸ್ಸೆಮ್ಮೆಸ್. ಗ್ರಾಫ್ ಈಗಲೂ ಬರುತ್ತೆ, ನೋಡೋದು ನಾನೊಬ್ಬನೇ.

ಆಮೇಲೆ ಆ ನಂಬರ್ ಊರಿಗೆಲ್ಲ ಹಂಚಿಹೋಯಿತು. ಒಂದೇ ಲೈನಿನ ತೋಟಗಳು ಅಂದ ಮೇಲೆ ನಮಗೆ ತ್ರೀ ಫೇಸ್ ಬಂದರೆ ಅವರಿಗೂ ಬಂದ ಹಾಗೆ. ಕೆಲವು ದಿನ ಪ್ಲಾನಿನಲ್ಲಿರುವ 100 ಎಸ್ಸೆಮ್ಮೆಸ್ ಸಂಜೆಗೇ ಖಾಲಿ. ಮನೆಯವರಿಗೆ ಮಾತ್ರ ಉತ್ತರ ಹೋಗುವ ಹಾಗೆ ಮಾಡ್ತೀನಿ ಅಂದರೆ ಮಾವ ಸುತಾರಾಂ ಒಪ್ಪಲಿಲ್ಲ. ಊರಲ್ಲಿ ಮುಖ ಎತ್ತಿ ತಿರುಗೋದು ಬೇಡವಾ ಅಂದರು.

ಮೊನ್ನೆ ಸಾಲ ಕೊಡುವ ಕಂಪನಿಯ ಯಾರೋ ಬಾವಿಗೆ ಫೋನ್ ಮಾಡಿದ್ದಾರೆ. ಬಾವಿ ಕಟ್ ಮಾಡಿ, ನೀರು 14 ಅಡಿ, ತ್ರೀ ಫೇಸ್ ಇದೆ ಅಂತ ಕಳಿಸಿದೆ. ಸ್ವಲ್ಪ ಹೊತ್ತಿಗೆ ಇನ್‌ಬಾಕ್ಸಿಗೆ ಉತ್ತರ ಬಂದಿದೆ. "ಸರ್ ತೋಟ ಇದೆಯಾ? ಕೃಷಿ ಸಾಲನೂ ಕೊಡ್ತೀವಿ."