ಆಂಟೆನಾ ಸಂಶೋಧನೆಯಲ್ಲಿ ಭೌತಶಾಸ್ತ್ರದವರಿಗೂ ಜಾಗವಿದೆ

ಆಂಟೆನಾ ಕ್ಷೇತ್ರದ ಸಂಶೋಧನಾ ಹುದ್ದೆಗಳು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳಿಗೇ ಸಲ್ಲತಕ್ಕವು ಎಂಬ ಧ್ವನಿ ನಾನು ಓದಿದ ಲೇಖನವೊಂದರಲ್ಲಿದೆ. ಅದನ್ನು ಒಪ್ಪುವುದು ನನಗೆ ಕಷ್ಟ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಆಕಾಶದ ಕ್ಷೀಣ ರೇಡಿಯೊ ಅಲೆಗಳನ್ನು ಅಳೆಯಲು ನಡೆಸುವ ಸರಸ್ ಪ್ರಯೋಗವನ್ನೇ ನೋಡಬಹುದು. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಅನಿಲವು ರೇಡಿಯೊ ಅಲೆಗಳನ್ನು ಹೀರಿಕೊಂಡ ಗುರುತು 78 ಮೆಗಾಹರ್ಟ್ಸ್ ಸುಮಾರಿಗೆ ಕಾಣಿಸಿತೆಂದು 2018ರಲ್ಲಿ ಎಡ್ಜಸ್ ಎಂಬ ಇನ್ನೊಂದು ರೇಡಿಯೊ ಪ್ರಯೋಗದ ತಂಡ ಪ್ರಕಟಿಸಿತ್ತು. ಅದನ್ನು ಪರೀಕ್ಷಿಸುವವರಿಗೆ ದೊಡ್ಡ ತೊಡಕೆಂದರೆ ಆಂಟೆನಾದ ಕೆಳಗಿನ ನೆಲವೇ: ಪದರ ಪದರವಾದ ಮಣ್ಣು-ಕಲ್ಲುಗಳಿಂದ ಮರಳುವ ಅಲೆಗಳು ಆವೃತ್ತಿಗೆ ತಕ್ಕಂತೆ ಬದಲಾಗಿ, ನಿಜವಾದ ಸಂಕೇತವನ್ನೇ ಹೋಲುವ ಏರಿಳಿತವನ್ನು ಮೂಡಿಸಬಲ್ಲವು. ನೀರಿನಲ್ಲಾದರೆ ಇಂಥ ಪದರಗಳಿಲ್ಲ; ಆದ್ದರಿಂದಲೇ ಸರಸ್ ತಂಡದವರು 2020ರಲ್ಲಿ ಆಂಟೆನಾವನ್ನು ತೆಪ್ಪದ ಮೇಲಿರಿಸಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರಲ್ಲಿ ಪ್ರಕಟವಾದ ಫಲಿತಾಂಶವು ಎಡ್ಜಸ್ ಹೇಳಿದ ಆಕಾರದ ಸಂಕೇತವನ್ನು ಶೇ 95.3ರ ವಿಶ್ವಾಸಮಟ್ಟದಲ್ಲಿ ತಳ್ಳಿಹಾಕಿತು. ಇಂಥ ಕೆಲಸದಲ್ಲಿ ಆಂಟೆನಾ ವಿನ್ಯಾಸಕರು ಯಾರು, ಖಗೋಳಶಾಸ್ತ್ರಜ್ಞರು ಯಾರು ಎಂದು ಗೆರೆ ಎಳೆಯಲಾಗದು.

ಹೀಗಿರುವಾಗ, ಪಿಎಚ್‌.ಡಿ. ಅಥವಾ ಅದರ ನಂತರದ ಪೋಸ್ಟ್‌ಡಾಕ್ ಹುದ್ದೆಯ ಪ್ರಕಟಣೆಯಲ್ಲಿ ಪದವಿಯ ಹೆಸರನ್ನಷ್ಟೇ ಕೇಳುವ ಬದಲು, ಅಳತೆಯ ದೋಷಗಳನ್ನು ಪತ್ತೆಹಚ್ಚಿ ಬಗೆಹರಿಸಿದ ಅನುಭವವನ್ನು ಕೇಳುವುದು ಉಚಿತ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವರಿಗೆ ವಿದ್ಯುತ್ಕಾಂತ ಅಲೆಗಳನ್ನು ವಿವರಿಸುವ ಮ್ಯಾಕ್ಸ್‌ವೆಲ್ ಸಮೀಕರಣಗಳು ಚೆನ್ನಾಗಿ ಗೊತ್ತು, ಆದರೆ ಆಂಟೆನಾಗಳನ್ನು ಅಳೆದು ನೋಡುವ ಉಪಕರಣವಾದ ನೆಟ್‌ವರ್ಕ್ ಅನಲೈಸರ್ ಮುಟ್ಟಿ ನೋಡುವ ಅವಕಾಶ ಎಷ್ಟೋ ಮಂದಿಗೆ ಸಿಕ್ಕಿರುವುದಿಲ್ಲ. ಮೊದಲ ಆರು ತಿಂಗಳ ಪ್ರಯೋಗಾಲಯ ತರಬೇತಿಯನ್ನು ಹುದ್ದೆಯ ಭಾಗವನ್ನಾಗಿಯೇ ಮಾಡಿದರೆ ಆ ಕೊರತೆ ನೀಗುತ್ತದೆ.